ಯಾವ ತಂತಿ ಎಲ್ಲಿಗೆ? ಕಾರಿನ ವೈರಿಂಗ್ ನಕ್ಷೆಯ ಕತೆ

ನಮ್ಮ ನೌಬಾದದ ನೆಲದಡಿ ಬಹಮನಿ ಕಾಲದ ಸುರಂಗ ಬಾವಿ ಇದೆ. ಅದರ ನೀರಿನ ದಾರಿ ಮೇಲಿನಿಂದ ಕಾಣುವುದಿಲ್ಲ. ಅಲ್ಲಲ್ಲಿ ತೋಡಿದ ಗಾಳಿಬಾವಿಗಳನ್ನು ನೋಡಿಯೇ ಅದು ಎತ್ತ ಹೋಗಿದೆ ಎಂದು ಹೇಳಬೇಕು. ಕಾರಿನ ವೈರಿಂಗ್ ಕೂಡ ಹಾಗೆಯೇ. ಹಳೆ ಕಾರಿಗೆ ಅಲಾರಂ, ರಿಮೋಟ್ ಸ್ಟಾರ್ಟರ್ ಕೂಡಿಸುವ ಉಸ್ತಾದನಿಗೆ ತಂತಿಯ ಗುರುತು ಸಿಗಲೇಬೇಕು. ಆ ಗುರುತು ಮೊದಲು ಯಾರ ಕೈಯಲ್ಲಿತ್ತು, ಈಗ ಯಾರ ಕೈಯಲ್ಲಿದೆ?

ಬಣ್ಣವೇ ನಕ್ಷೆ

ಮೊದಲು ಕಾರುಗಳನ್ನು ಹ್ಯಾಂಡಲ್ ತಿರುವಿ ಚಾಲೂ ಮಾಡುತ್ತಿದ್ದರು. ಹ್ಯಾಂಡಲ್ ಹಿಂದಕ್ಕೆ ಹೊಡೆದು ಕೈ ಮುರಿದುಕೊಂಡವರು ಎಷ್ಟೋ ಜನ. 1912ರ ಕ್ಯಾಡಿಲಾಕ್ ಕಾರಿಗೆ ಅಮೆರಿಕದ ಚಾರ್ಲ್ಸ್ ಕೆಟರಿಂಗ್ ವಿದ್ಯುತ್ ಸೆಲ್ಫ್ ಕೂಡಿಸಿದರು. ಇಂದಿನ ರಿಮೋಟ್ ಸ್ಟಾರ್ಟರ್ ಮಾಡುವುದೂ ಅದೇ ಕೆಲಸ. ಚಾವಿಯ ಬದಲು ರಿಲೇ ಸೆಲ್ಫ್ ತಂತಿಗೆ ಕರೆಂಟ್ ಕೊಡುತ್ತದೆ, ಅಷ್ಟೇ.

ಬ್ರಿಟನ್ನಿನ ಲೂಕಸ್ ಕಂಪನಿ ತಂತಿಗಳಿಗೆ ಬಣ್ಣದ ನಿಯಮ ಮಾಡಿತ್ತು. ಕಂದು ತಂತಿಯಲ್ಲಿ ಸದಾ ಕರೆಂಟ್. ಬಿಳಿಯಲ್ಲಿ ಚಾವಿ ತಿರುಗಿಸಿದ ಮೇಲೆ. ಹಸಿರು, ಚಾವಿಯ ನಂತರ ಫ್ಯೂಸ್ ದಾಟಿ ಬಂದದ್ದು. ಕಪ್ಪು ಎಂದರೆ ಬಾಡಿ ಅರ್ಥ್. ಇದನ್ನು ಬಾಯಿಪಾಠ ಮಾಡಿದವನೇ ಉಸ್ತಾದ. ಪುಸ್ತಕ ಬೇಕಿರಲಿಲ್ಲ, ಒಂದು ಟೆಸ್ಟ್ ಲ್ಯಾಂಪ್ ಸಾಕಿತ್ತು.

1983ರ ಡಿಸೆಂಬರ್‌ನಲ್ಲಿ ಮಾರುತಿ 800 ಬಂತು. ಅದರ ಸುಜುಕಿ ವೈರಿಂಗ್‌ನ ಬಣ್ಣದ ಕ್ರಮವೇ ಬೇರೆ. ಒಂದು ಕಂಪನಿಯ ಬಿಳಿ ತಂತಿ ಇನ್ನೊಂದರ ಬಿಳಿ ತಂತಿಯಲ್ಲ ಎಂದಾಯಿತು. ಬಾಯಿಪಾಠ ಸಾಲದೆ ಮಾಡೆಲ್‌ಗೊಂದು ನಕ್ಷೆ ಬೇಕಾಯಿತು.

ತಂತಿ ಕಡಿಮೆ, ಗುಟ್ಟು ಹೆಚ್ಚು

1986ರಲ್ಲಿ ಜರ್ಮನಿಯ ಬಾಷ್ ಕಂಪನಿ 'ಕ್ಯಾನ್' ಪದ್ಧತಿಯನ್ನು ಹೊರತಂದಿತು. ಇದರಲ್ಲಿ ಎರಡೇ ತಂತಿಗಳ ಮೇಲೆ ಹತ್ತಾರು ಸಂದೇಶ ಓಡುತ್ತವೆ. ಅಲ್ಲಿ ಟೆಸ್ಟ್ ಲ್ಯಾಂಪ್ ಏನೂ ಹೇಳುವುದಿಲ್ಲ, ಕಂಪ್ಯೂಟರ್ ಬೇಕು. ಜೊತೆಗೆ ಇಮೊಬಿಲೈಜರ್ ಬಂತು. ಚಾವಿಯೊಳಗಿನ ಚಿಪ್ ಗುರುತಿಸದಿದ್ದರೆ ಎಂಜಿನ್ ಚಾಲೂ ಆಗದು. ಹೀಗೆ ನಕ್ಷೆ ಉಸ್ತಾದನ ತಲೆಯಿಂದ ಕಂಪನಿಯ ಕಪಾಟಿಗೆ ಹೋಯಿತು.

ಇದರ ವಿರುದ್ಧ ನಮ್ಮ ದೇಶದಲ್ಲೇ ದೂರು ಎದ್ದಿತು. 2014ರ ಆಗಸ್ಟ್ 25ರಂದು ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ 2,544 ಕೋಟಿ ರೂಪಾಯಿಗೂ ಹೆಚ್ಚು ದಂಡ ಹಾಕಿತು. ಬಿಡಿಭಾಗ, ತಪಾಸಣೆ ಉಪಕರಣ, ರಿಪೇರಿ ಮಾಹಿತಿಯನ್ನು ಹೊರಗಿನ ಗ್ಯಾರೇಜಿಗೆ ಸಿಗದಂತೆ ತಡೆದದ್ದು ಅವರ ಮೇಲಿನ ಆರೋಪ. ಹೊರಗೆ ರಿಪೇರಿ ಮಾಡಿಸಿದ ಮಾತ್ರಕ್ಕೆ ಇಡೀ ವಾರಂಟಿ ರದ್ದು ಮಾಡಬಾರದು ಎಂದೂ ಆಯೋಗ ಹೇಳಿತು. ಕಂಪನಿಗಳು ಮೇಲ್ಮನವಿಗೆ ಹೋದವು. 2022ರಲ್ಲಿ ಕೇಂದ್ರ ಸರ್ಕಾರ 'ರಿಪೇರಿ ಹಕ್ಕು' ಸಮಿತಿ ರಚಿಸಿತು. ಕಾರಿನ ಜೊತೆ ಕೃಷಿ ಯಂತ್ರಗಳೂ ಅದರ ಪಟ್ಟಿಯಲ್ಲಿವೆ. ಅಂದರೆ ಇದು ಟ್ರ್ಯಾಕ್ಟರ್ ಇರುವ ಮನೆಯ ಮಾತೂ ಹೌದು.

ತಂತಿ ಕತ್ತರಿಸುವ ಮುನ್ನ

ನಕ್ಷೆ ಇಲ್ಲದೆ ಊಹೆಯ ಮೇಲೆ ತಂತಿ ಕತ್ತರಿಸಿದರೆ ನಷ್ಟ ಹಣದ್ದಷ್ಟೇ ಅಲ್ಲ. ಫ್ಯೂಸ್ ಇಲ್ಲದ ಜೋಡಣೆ ಬೆಂಕಿಗೆ ದಾರಿ. ಏರ್‌ಬ್ಯಾಗಿನ ಹಳದಿ ತಂತಿಗೆ ಟೆಸ್ಟ್ ಲ್ಯಾಂಪ್ ತಾಗಿಸಿದರೆ ಬ್ಯಾಗ್ ಸಿಡಿಯಬಹುದು. ಗಿಯರಿನಲ್ಲಿ ನಿಂತ ಕಾರನ್ನು ರಿಮೋಟ್‌ನಿಂದ ಚಾಲೂ ಮಾಡಿದರೆ ಅದು ಮುಂದಕ್ಕೆ ಜಿಗಿಯುತ್ತದೆ. ಎದುರಿಗೆ ಮಗು ನಿಂತಿದ್ದರೆ?

ಆದ್ದರಿಂದ ಭಾಲ್ಕಿಯಾಗಲಿ, ಔರಾದವಾಗಲಿ, ಅಂಗಡಿಗೆ ಹೋದಾಗ ಮೂರು ಮಾತು ಕೇಳಿ: ನಮ್ಮ ಮಾಡೆಲ್ಲಿನ ನಕ್ಷೆ ನೋಡಿದಿರಾ? ಪ್ರತಿ ತಂತಿಯನ್ನೂ ಮೀಟರ್ ಹಚ್ಚಿ ಪರೀಕ್ಷಿಸುತ್ತೀರಾ? ಗಿಯರ್ ಹಾಕಿದ್ದಾಗ ಚಾಲೂ ಆಗದಂತೆ ತಡೆ ಇದೆಯೇ?

ಹಾಗೆ ಕೇಳುವುದು ಉಸ್ತಾದನಿಗೆ ಅವಮಾನವಲ್ಲ. ನಕ್ಷೆ ಅವನ ಕೈಗೆ ಸಿಗಬೇಕು ಎಂದು ಕೇಳಬೇಕಾದವರೂ ನಾವೇ, ಕಾರಿನ ಮಾಲೀಕರು. ದುಡ್ಡು ಕೊಟ್ಟು ಕೊಂಡ ಗಾಡಿಯ ತಂತಿ ಎಲ್ಲಿಗೆ ಹೋಗುತ್ತದೆ ಎಂದು ತಿಳಿಯುವ ಹಕ್ಕು ನಮ್ಮದು.