ಸಾಮಾಜಿಕ ಜಾಲ ಕಲಿಕೆ: ಕಾಸರಗೋಡು ಗಡಿನಾಡು

ಬ್ಲಾಗು, ವಿಕಿ, ಯೂಟ್ಯೂಬ್, ವಾಟ್ಸ್ಆ್ಯಪ್ ಗುಂಪುಗಳಂತಹ ಜಾಲ ಸಾಧನಗಳಲ್ಲಿ ಓದುವವರೂ ಬರೆಯಬಹುದು, ನೋಡುವವರೂ ತೋರಿಸಬಹುದು. ಇವುಗಳ ಮೂಲಕ ನಡೆಯುವ ಕಲಿಕೆಗೆ ಸಾಮಾಜಿಕ ಜಾಲ ಕಲಿಕೆ ಎನ್ನುತ್ತಾರೆ. ಕೇರಳದ ಕಾಸರಗೋಡು ಜಿಲ್ಲೆಯ ಉತ್ತರ ಭಾಗದಲ್ಲಿ, ವಿಶೇಷವಾಗಿ ಪೆರ್ಲದಂತಹ ಗಡಿ ಊರುಗಳಲ್ಲಿ, ಇದಕ್ಕೆ ಎರಡು ಕವಲುಗಳಿವೆ. ಒಂದು ಕನ್ನಡ ಮಾಧ್ಯಮ ಶಾಲೆಗಳದ್ದು, ಇನ್ನೊಂದು ಕೃಷಿಕರದ್ದು. ಹೆಚ್ಚು ಫಲ ಕೊಟ್ಟದ್ದು ಎರಡನೆಯದು.

ಪೆರ್ಲ ಇರುವುದು ಮಂಜೇಶ್ವರ ತಾಲೂಕಿನ ಎಣ್ಮಕಜೆ ಪಂಚಾಯತಿನಲ್ಲಿ, ಚೆರ್ಕಳದಿಂದ ಬದಿಯಡ್ಕದ ಮೂಲಕ ವಿಟ್ಲ, ಕಲ್ಲಡ್ಕಗಳಿಗೆ ಹೋಗುವ ರಸ್ತೆಯಲ್ಲಿ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಅಂದಿನಿಂದ ಇಲ್ಲಿನ ಕನ್ನಡ ಮಕ್ಕಳು ಕೇರಳದ ಪಠ್ಯಕ್ರಮವನ್ನು ಕನ್ನಡದಲ್ಲಿ ಓದುತ್ತಾರೆ. ಗಡಿಯ ಎರಡೂ ಕಡೆ ಹತ್ತನೆಯ ತರಗತಿಯ ಪರೀಕ್ಷೆಯ ಹೆಸರು ಎಸ್ಸೆಸ್ಸೆಲ್ಸಿಯೇ ಆದರೂ ಪುಸ್ತಕಗಳು ಬೇರೆ. ಕರ್ನಾಟಕದ ಪುತ್ತೂರಿನ ಅಂಗಡಿಯಲ್ಲಿ ಸಿಗುವ ಗೈಡು ಪೆರ್ಲದ ಮಗುವಿಗೆ ಪ್ರಯೋಜನಕ್ಕೆ ಬಾರದು. ಅದೇ ಪಾಠದ ಕೇರಳದ ಸಾಮಗ್ರಿ ಹೆಚ್ಚಾಗಿ ಮಲಯಾಳದಲ್ಲಿರುತ್ತದೆ. ಜಾಲದ ಕಲಿಕೆ ಇಲ್ಲಿ ಶೋಕಿಯಾಗಿ ಬರಲಿಲ್ಲ, ಈ ಕೊರತೆ ತುಂಬಲು ಬಂತು.

ಕೇರಳ ಸರ್ಕಾರ 2001ರಲ್ಲಿ ಆರಂಭಿಸಿದ ‘ಐಟಿ@ಸ್ಕೂಲ್’ ಯೋಜನೆ ಶಾಲೆಗಳಿಗೆ ಕಂಪ್ಯೂಟರ್ ತಂದಿತು, ಸ್ವತಂತ್ರ ತಂತ್ರಾಂಶವಾದ ಲಿನಕ್ಸನ್ನೂ ತಂದಿತು. 2017ರಲ್ಲಿ ಈ ಯೋಜನೆ ‘ಕೈಟ್’ ಎಂಬ ಕಂಪನಿಯಾಯಿತು. ರಾಜ್ಯದ ಶಾಲೆಗಳ ವಿವರಗಳನ್ನು ಶಿಕ್ಷಕರೂ ಮಕ್ಕಳೂ ಸೇರಿ ಬರೆಯುವ ‘ಸ್ಕೂಲ್‌ವಿಕಿ’ 2009ರದು. ಎರ್ನಾಕುಳಂ ಕಡೆಯ ಶಿಕ್ಷಕರು ‘ಮ್ಯಾತ್ಸ್ ಬ್ಲಾಗ್’ ಶುರುಮಾಡಿದ್ದೂ ಅದೇ ವರ್ಷ. ಮಾದರಿ ಪ್ರಶ್ನೆಪತ್ರಿಕೆ, ಲೆಕ್ಕದ ಚರ್ಚೆ, ಇಲಾಖೆಯ ಸುತ್ತೋಲೆ ಎಲ್ಲವೂ ಒಂದೇ ಕಡೆ ಸಿಗುವ ಆ ಬ್ಲಾಗು ಕೇರಳದ ಶಿಕ್ಷಕರಲ್ಲಿ ಹೆಸರಾಯಿತು. ಆಮೇಲೆ ಬಂದ ‘ಸಮಗ್ರ’ ಜಾಲತಾಣ ಮಲಯಾಳ, ಇಂಗ್ಲಿಷ್, ತಮಿಳುಗಳ ಜೊತೆಗೆ ಕನ್ನಡದಲ್ಲೂ ಪಾಠ ಸಾಮಗ್ರಿ ಕೊಡುತ್ತದೆ.

ಗಡಿಯಾಚೆ, ಕರ್ನಾಟಕದಲ್ಲಿ, 2011ರಿಂದ ‘ವಿಷಯ ಶಿಕ್ಷಕರ ವೇದಿಕೆ’ ನಡೆಯಿತು. ರಾಜ್ಯದ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ (ಡಿಎಸ್‌ಇಆರ್‌ಟಿ) ಹಾಗೂ ಬೆಂಗಳೂರಿನ ‘ಐಟಿ ಫಾರ್ ಚೇಂಜ್’ ಸಂಸ್ಥೆ ಇದರ ಹಿಂದಿದ್ದವು. ಗಣಿತ, ವಿಜ್ಞಾನ, ಸಮಾಜ ವಿಜ್ಞಾನದ ಪ್ರೌಢಶಾಲಾ ಶಿಕ್ಷಕರು ಇಮೇಲ್ ಗುಂಪುಗಳಲ್ಲಿ ಪರಸ್ಪರ ಕೇಳಿ ಹೇಳಿ ಕಲಿತರು. ಅದರ ಮುಂದುವರಿಕೆಯಾಗಿ 2013ರಲ್ಲಿ ವಿಕಿಯ ರೂಪದ ಮುಕ್ತ ಶೈಕ್ಷಣಿಕ ಸಂಪನ್ಮೂಲ ತಾಣವೊಂದು ಸಿದ್ಧವಾಯಿತು. ಅಲ್ಲಿರುವುದು ಕನ್ನಡವೇ ಆದರೂ ಪಾಠ ಕರ್ನಾಟಕದ್ದು. ಪೆರ್ಲದ ಶಿಕ್ಷಕರು ಅದರಿಂದ ಚಿತ್ರ, ಪ್ರಯೋಗಗಳನ್ನು ಎತ್ತಿಕೊಳ್ಳಬಹುದು, ಪಾಠದ ಕ್ರಮವನ್ನಲ್ಲ.

ಕೋವಿಡ್ ಕಾಲದಲ್ಲಿ ಶಾಲೆ ಮುಚ್ಚಿದಾಗ, 2020ರ ಜೂನ್ 1ರಂದು, ಕೈಟ್‌ನ ವಿಕ್ಟರ್ಸ್ ವಾಹಿನಿಯಲ್ಲಿ ‘ಫಸ್ಟ್ ಬೆಲ್’ ತರಗತಿಗಳು ಆರಂಭವಾದವು. ಕನ್ನಡ ಮಾಧ್ಯಮದ ಪಾಠಗಳು ಬೇರೆಯಾಗಿ ತಯಾರಾಗಿ ಯೂಟ್ಯೂಬಿನ ಮೂಲಕ ಬಂದವು. ಗುಡ್ಡದ ಮನೆಗಳಲ್ಲಿ ‘ರೇಂಜ್’ ಸಿಗದ ತೊಂದರೆ ಬೇರೆಯೇ. ಅದಕ್ಕಿಂತ ದೊಡ್ಡ ಕೊರತೆ, ಪಾಠ ಒಂದೇ ದಿಕ್ಕಿನಲ್ಲಿ ಹರಿದದ್ದು. ಮಗುವಿನ ಸಂದೇಹ ಹೋಗಿ ಮುಟ್ಟುತ್ತಿದ್ದದ್ದು ತರಗತಿಯ ವಾಟ್ಸ್ಆ್ಯಪ್ ಗುಂಪಿಗೆ. ನೋಟ್ಸಿನ ಫೋಟೊ, ಟೀಚರ ಧ್ವನಿ ಸಂದೇಶ, ತಿದ್ದಿದ ಉತ್ತರಗಳು ಅಲ್ಲಿ ಓಡಾಡಿದವು. ನಿಜವಾದ ಕಲಿಕೆ ಅಲ್ಲೇ ಆಯಿತೆನ್ನಬೇಕು.

ಕೃಷಿಕರ ಕವಲಿನ ಬೇರು ಕಾಗದದಲ್ಲಿದೆ. ಪುತ್ತೂರಿನಿಂದ 1988ರಲ್ಲಿ ಹೊರಟ ‘ಅಡಿಕೆ ಪತ್ರಿಕೆ’ ಕೃಷಿಕರ ಕೈಗೇ ಲೇಖನಿ ಕೊಡುವ ಹಟ ಹಿಡಿಯಿತು. ತೋಟದವರು ತಮ್ಮ ಅನುಭವವನ್ನು ತಾವೇ ಬರೆಯಬೇಕೆಂಬುದು ಅದರ ನಿಲುವು. ಅದರ ರೂವಾರಿ ಶ್ರೀಪಡ್ರೆ ಪೆರ್ಲದ ಹತ್ತಿರದ ಪಡ್ರೆಯವರು. ಮೊಬೈಲು ಬಂದಾಗ ಈ ಓದುಗ ವಲಯಕ್ಕೆ ವಾಟ್ಸ್ಆ್ಯಪ್ ಗುಂಪು ಹೊಸ ವಿದ್ಯೆ ಅನ್ನಿಸಲಿಲ್ಲ. ಪತ್ರಿಕೆಗೆ ಬರೆದು ಬರೆದು ಪಳಗಿದವರಿಗೆ ಅದು ಬೇಗ ತಲುಪುವ ಅಂಚೆ, ಅಷ್ಟೆ.

2021ರ ‘ಬಾಕಾಹು’, ಅಂದರೆ ಬಾಳೆಕಾಯಿ ಹುಡಿಯ ಆಂದೋಲನ, ಇದರ ಒಳ್ಳೆಯ ಉದಾಹರಣೆ. ಆ ವರ್ಷ ಬಾಳೆಗೆ ಬೆಲೆ ಬಿದ್ದುಹೋಗಿತ್ತು. ಬಲಿತ ಕಾಯಿಯನ್ನು ಹೆಚ್ಚಿ, ಒಣಗಿಸಿ, ಹುಡಿ ಮಾಡುವ ಕ್ರಮವನ್ನು ಆಲಪ್ಪುಳದ ಕೃಷಿ ವಿಜ್ಞಾನ ಕೇಂದ್ರದ ತಜ್ಞೆ ವಾಟ್ಸ್ಆ್ಯಪಿನಲ್ಲೇ ಕಲಿಸಿದರು. ‘ಎನಿ ಟೈಮ್ ವೆಜಿಟೆಬಲ್’ ಎಂಬ ಗುಂಪು ಅದರ ತರಗತಿಯಾಯಿತು. ತುಮಕೂರು ಜಿಲ್ಲೆಯ ಗೃಹಿಣಿಯೊಬ್ಬರು ಮನೆಯಲ್ಲಿ ಮಾಡಿ ನೋಡಿ ತೋರಿಸಿದ ಮೇಲೆ ಅದು ಕಾಡ್ಗಿಚ್ಚಿನಂತೆ ಹಬ್ಬಿತು. ಶಿರಸಿ, ಪುತ್ತೂರು ಎನ್ನದೆ ಅಡುಗೆಮನೆಗಳಿಂದ ಬಾಕಾಹು ದೋಸೆ, ರೊಟ್ಟಿ, ಸಿಹಿತಿಂಡಿಗಳ ಫೋಟೊಗಳು ಬಂದವು. ಗಮನಿಸಬೇಕಾದದ್ದು, ಇಲ್ಲಿ ಪಠ್ಯಕ್ರಮವಿರಲಿಲ್ಲ, ಸರ್ಟಿಫಿಕೇಟೂ ಇರಲಿಲ್ಲ. ಕಲಿತವರು ಮರುದಿನವೇ ಕಲಿಸುವವರಾದರು. ತಪ್ಪಿದವರು ಫೋಟೊ ಹಾಕಿದರೆ ತಿದ್ದಲು ಜನವಿದ್ದರು.

ವಿಕಿಪೀಡಿಯದ ದಾರಿ ಇದಕ್ಕಿಂತ ನಿಧಾನದ್ದು. ಕನ್ನಡ ವಿಕಿಪೀಡಿಯ 2003ರಲ್ಲಿ ಮೊದಲಾಯಿತು, ತುಳುವಿನದು 2016ರ ಆಗಸ್ಟಿನಲ್ಲಿ. ಮಂಗಳೂರು, ಉಜಿರೆ, ಮೂಡುಬಿದಿರೆಗಳ ಕಾಲೇಜುಗಳಲ್ಲಿ ವಿದ್ಯಾರ್ಥಿಗಳಿಂದ ಲೇಖನ ಬರೆಸುವ ಪ್ರಯತ್ನಗಳಾಗಿವೆ. ಮನೆಯಲ್ಲಿ ತುಳು, ಹವ್ಯಕ ಕನ್ನಡ, ಮಲಯಾಳ ಅಥವಾ ಮರಾಠಿ ಆಡಿ ಶಾಲೆಯಲ್ಲಿ ಕನ್ನಡ ಓದುವ ಪೆರ್ಲದ ಕಡೆಯ ಮಕ್ಕಳಿಗೆ ಇದು ಒಳ್ಳೆಯ ಅಭ್ಯಾಸವಾಗಬಲ್ಲದು. ಆಧಾರ ಕೊಡದೆ ಬರೆದದ್ದನ್ನು ಅಲ್ಲಿ ಯಾರೂ ಪ್ರಶ್ನಿಸಬಹುದು, ತೆಗೆಯಬಹುದು, ಆ ಶಿಸ್ತನ್ನು ವಾಟ್ಸ್ಆ್ಯಪ್ ಕಲಿಸದು.

ಸಾಧನಗಳ ಮಿತಿಯೂ ಒಂದೇ ತೆರನಲ್ಲ. ಬ್ಲಾಗಿನಲ್ಲಿ ಹಾಕಿದ ಪಾಠ ತಾರೀಖಿನ ಕ್ರಮದಲ್ಲಿ ಉಳಿಯುತ್ತದೆ, ಯೂನಿಕೋಡಿನಲ್ಲಿ ಬರೆದಿದ್ದರೆ ಹುಡುಕಿದಾಗ ಸಿಗುತ್ತದೆ. ಹಳೆಯ ಫಾಂಟುಗಳಲ್ಲಿ ಬೆರಳಚ್ಚಿಸಿದ ಎಷ್ಟೋ ಕನ್ನಡ ನೋಟ್ಸುಗಳಿಗೆ ಈ ಭಾಗ್ಯವಿಲ್ಲ. ವಾಟ್ಸ್ಆ್ಯಪ್ ಗುಂಪಿನದ್ದು ಬ್ಯಾಕಪ್ ಇಲ್ಲದೆ ಫೋನು ಬದಲಾದರೆ ಹೋಯಿತು, ಹೊಸದಾಗಿ ಸೇರಿದವರಿಗೆ ಹಿಂದಿನ ಮಾತುಕತೆ ತಾನಾಗಿ ಕಾಣುವುದೂ ಇಲ್ಲ. ಬಾಕಾಹು ಉಳಿದುಕೊಂಡದ್ದರಲ್ಲಿ ಪತ್ರಿಕೆಗಳ ಪಾಲಿದೆ. ಗುಂಪಿನ ಅನುಭವಗಳು ಲೇಖನಗಳಾಗಿ ಅಚ್ಚಾದ್ದರಿಂದ ಮೊಬೈಲು ಹಿಡಿಯದವರಿಗೂ ತಲುಪಿದವು.