ಮರಳು, ಬಳಪ, ಕಡತ: ಕೂಲಿಮಠಗಳ ಬರಹ ಕಲಿಕೆ

ಬರವಣಿಗೆಯ ಮೂಲ ಕೌಶಲಗಳನ್ನು ಕುರಿತ ಚರ್ಚೆಯು ನಮ್ಮಲ್ಲಿ ಸಾಮಾನ್ಯವಾಗಿ ಸರ್ಕಾರಿ ಶಾಲೆಗಳ ಸ್ಥಾಪನೆಯಿಂದಲೇ ಆರಂಭವಾಗುತ್ತದೆ. ಆದರೆ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲಗಳನ್ನು ಒಳಗೊಂಡ ಹಳೆಯ ಮೈಸೂರು ಸೀಮೆಯಲ್ಲಿ ಅದಕ್ಕೂ ಮೊದಲೇ ಕೂಲಿಮಠಗಳೆಂಬ ವ್ಯವಸ್ಥೆಯೊಂದಿತ್ತು. ಊರ ಜಗುಲಿಯಲ್ಲೋ ಗುಡಿಯ ಪಡಸಾಲೆಯಲ್ಲೋ ಐಗಳು ದವಸ ಅಥವಾ ಕಾಸನ್ನು ಪಡೆದು ಪಾಠ ಹೇಳುತ್ತಿದ್ದರು.

ಅಲ್ಲಿನ ಕಲಿಕೆಗೆ ಒಂದು ಕ್ರಮವಿತ್ತು. ಮೊದಲು ಮರಳ ಮೇಲೆ ಬೆರಳಿನಿಂದ ತಿದ್ದುವುದು; ಅಕ್ಷರದ ಹೆಸರನ್ನು ಗಟ್ಟಿಯಾಗಿ ಹೇಳುತ್ತಲೇ ಅದರ ಆಕಾರವನ್ನು ಮೂಡಿಸುವುದು. ಯಾವುದೇ ಕಲಿಕೆಯ ಆರಂಭವನ್ನು ‘ಓನಾಮ’ ಎನ್ನುವ ನಮ್ಮ ಆಡುಮಾತು ಈ ಪದ್ಧತಿಯ ಕೊಡುಗೆ. ಬಳಿಕ ಹಲಗೆ, ಬಳಪ, ಕಾಗುಣಿತ, ಒತ್ತಕ್ಷರ. ಕೊನೆಯ ಹಂತದಲ್ಲಿ ಓಲೆ, ಲೆಕ್ಕಪತ್ರಗಳ ಅಭ್ಯಾಸ. ಲೆಕ್ಕ ಬರೆಯಲು ಬಳಕೆಯಲ್ಲಿದ್ದ ಕಡತವನ್ನು ಮೈಸೂರಿನ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ 1810ರ ತನ್ನ ಇತಿಹಾಸ ಗ್ರಂಥದಲ್ಲಿ ವಿವರಿಸಿದ್ದಾನೆ. ಅದು 8ರಿಂದ 12 ಅಂಗುಲ ಅಗಲ, 12ರಿಂದ 18 ಅಡಿ ಉದ್ದದ ಹತ್ತಿಬಟ್ಟೆ. ಅದಕ್ಕೆ ಸರಿ ಮತ್ತು ಇದ್ದಿಲ ಪುಡಿಯನ್ನು ಬಳಿದು, ಒಣಗಿಸಿ, ಮಡಿಸಿ ಇಡುತ್ತಿದ್ದರು. ಬಳಪದಲ್ಲಿ ಬರೆದುದನ್ನು ಹಾಗೆಯೇ ಉಳಿಸಬಹುದಿತ್ತು, ಅಳಿಸಿ ಮತ್ತೆ ಬರೆಯಲೂಬಹುದಿತ್ತು.

ಈ ಮಠಗಳನ್ನು ಆದರ್ಶವೆಂದು ಕೊಂಡಾಡುವಂತಿಲ್ಲ. ಹೆಣ್ಣುಮಕ್ಕಳಿಗೂ ದಲಿತರಿಗೂ ಅವುಗಳ ಬಾಗಿಲು ಬಹುಮಟ್ಟಿಗೆ ಮುಚ್ಚಿತ್ತು. ಬಾಯಿಪಾಠವೇ ಪ್ರಧಾನವಾಗಿದ್ದು, ಶಿಕ್ಷೆಯೂ ಕಠಿಣವಾಗಿತ್ತು. 1868ರಲ್ಲಿ ಬಿ.ಎಲ್. ರೈಸ್ ರೂಪಿಸಿದ ಹೋಬಳಿ ಶಾಲೆಗಳ ಯೋಜನೆಯು ಹಳ್ಳಿಗಾಡಿನ ಶಿಕ್ಷಣಕ್ಕೆ ಸರ್ಕಾರದ ನೆರವನ್ನು ತಂದಿತು. ಆದರೂ ನಕಲು ಬರಹದ ರೂಢಿ ಹೊಸ ಶಾಲೆಗಳಲ್ಲಿಯೂ ಮುಂದುವರಿಯಿತು.

ಮಂಡ್ಯ ಸೀಮೆಯ ಆಡುಮಾತಿನಲ್ಲಿ ಪದಾದಿಯ ಹಕಾರವು ಲೋಪವಾಗುವುದು ಸಾಮಾನ್ಯ. ಬಾಲ್ಯದಲ್ಲಿ ನಾನು ‘ಹಾಲು’ ಎಂಬುದನ್ನು ‘ಆಲು’ ಎಂದು ಬರೆದಾಗ ಪುಟದ ಮೇಲೆ ಬಿದ್ದ ಕೆಂಪು ಗೆರೆ ಇಂದಿಗೂ ನೆನಪಿದೆ. ಕೇಳಿದಂತೆ ಬರೆದ ಮಗು ಅಲ್ಲಿ ದಡ್ಡನೆನಿಸಿತು. ಆಮೇಲೆ ಬಹುಕಾಲ ನಾನು ಸ್ವಂತ ವಾಕ್ಯ ಬರೆಯಲು ಅಂಜಿ ಹಲಗೆಯ ಮೇಲಿದ್ದುದನ್ನಷ್ಟೇ ನಕಲು ಮಾಡಿದೆ. ಮರಳಿನಲ್ಲಿ ತಪ್ಪು ಉಳಿಯುವುದಿಲ್ಲ, ಅಂಗೈಯಿಂದ ಸವರಿದರೆ ಮುಗಿಯಿತು. ಕೂಲಿಮಠದಿಂದ ನಾವು ಪಡೆಯಬೇಕಾದುದು ಅದರ ಬೆತ್ತವನ್ನಲ್ಲ, ಈ ಅನುಕೂಲವನ್ನು.

1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ‘ನಲಿ-ಕಲಿ’ ಪದ್ಧತಿಯು ಚಟುವಟಿಕೆಯ ಮೂಲಕ ಕಲಿಸುವ ದಾರಿಯನ್ನು ತೆರೆಯಿತು. ಅದಕ್ಕೆ ಜಾನಪದವು ನೆರವಾಗಬಲ್ಲದು. ಮಕ್ಕಳು ಅಜ್ಜಿಯಿಂದ ಒಂದು ಒಗಟನ್ನೋ ಗಾದೆಯನ್ನೋ ಕೇಳಿ ಬಂದು, ಮೊದಲು ಕೇಳಿದಂತೆಯೇ ಬರೆಯಲಿ. ತರುವಾಯ ಶಿಷ್ಟರೂಪವನ್ನು ಅದರ ಪಕ್ಕದಲ್ಲಿ ಬರೆಯಲಿ. ಆಗ ಎರಡೂ ರೂಪಗಳ ನಡುವಣ ವ್ಯತ್ಯಾಸವೇ ಪಾಠವಾಗುತ್ತದೆ. ಒಂದು ಕಾಲಕ್ಕೆ ಮಠದ ಬಾಗಿಲಲ್ಲೇ ತಡೆಯಲ್ಪಟ್ಟಿದ್ದ ಅಜ್ಜಿಯ ಮಾತು ಹೀಗಾದರೂ ಮೊಮ್ಮಗಳ ಪುಸ್ತಕದೊಳಕ್ಕೆ ಬರುತ್ತದೆ.