ಕಲ್ನಾರಿನ ಸೂರು: ರೋಗ, ದಾಖಲೆ ಮತ್ತು ಪರಿಹಾರ

ಆಸ್ಬೆಸ್ಟಾಸಿಗೆ ಕನ್ನಡದಲ್ಲಿ ಬಳಕೆಯಲ್ಲಿರುವ ‘ಕಲ್ನಾರು’ ಎಂಬುದು ಕಲ್ಲು ಮತ್ತು ನಾರು ಕೂಡಿದ ಪದ. ಆ ಖನಿಜದ ಗುಣವೂ ಅಪಾಯವೂ ಹೆಸರಿನಲ್ಲಿಯೇ ಅಡಗಿವೆ: ಅದು ಬೆಂಕಿಗೆ ಅಂಜದ ಕಲ್ಲು, ಉಸಿರಿಗೆ ಸೇರುವ ನಾರು. ಬಿಂಡಿಗನವಿಲೆಯಂತಹ ಹಳ್ಳಿಗಳಿಗೆ ಇದು ಬಂದುದು ಸಿಮೆಂಟಿನೊಡನೆ ಬೆರೆತ ಚಾವಣಿಯ ಶೀಟಿನ ರೂಪದಲ್ಲಿ. ವರ್ಷವರ್ಷವೂ ಹೊದಿಸಬೇಕಾದ ಹುಲ್ಲಿಗೂ ಕೈಯಾಡಿಸಬೇಕಾದ ನಾಡಹೆಂಚಿಗೂ ಅದು ಅಗ್ಗದ ಬದಲಿಯಾಯಿತು.

ಇಡಿಯಾದ ಶೀಟಿನಲ್ಲಿ ಎಳೆಗಳು ಸಿಮೆಂಟಿನೊಳಗೆ ಬಂಧಿತವಾಗಿರುತ್ತವೆ. ಕೊಯ್ಯುವಾಗ, ತೂತು ಕೊರೆಯುವಾಗ, ಒಡೆಯುವಾಗ ಅವು ದೂಳಾಗಿ ಶ್ವಾಸಕೋಶವನ್ನು ಸೇರುತ್ತವೆ. ಆಸ್ಬೆಸ್ಟೋಸಿಸ್, ಶ್ವಾಸಕೋಶದ ಕ್ಯಾನ್ಸರ್, ಮೀಸೊಥೆಲಿಯೋಮಾ ರೋಗಗಳು ಸಾಮಾನ್ಯವಾಗಿ ದಶಕಗಳ ಬಳಿಕ ಪ್ರಕಟವಾಗುತ್ತವೆ.

ಈ ವಿಳಂಬವೇ ಪರಿಹಾರದ ಮೂಲ ತೊಡಕು. ಕನ್ಸ್ಯೂಮರ್ ಎಜುಕೇಷನ್ ಅಂಡ್ ರಿಸರ್ಚ್ ಸೆಂಟರ್ ಹೂಡಿದ್ದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1995ರ ಜನವರಿ 27ರಂದು ಕಾರ್ಮಿಕರ ಆರೋಗ್ಯವನ್ನು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಸಾರಿತು. ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ ಅಥವಾ ಬಿಟ್ಟ ಮೇಲೆ 15 ವರ್ಷ, ಇವುಗಳಲ್ಲಿ ಯಾವುದು ತಡವೋ ಅಲ್ಲಿಯವರೆಗೆ ಆರೋಗ್ಯ ದಾಖಲೆಯನ್ನು ಕಾಯ್ದಿಡುವಂತೆ ಆದೇಶಿಸಿತು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯು ರೋಗವನ್ನು ದೃಢಪಡಿಸಿದ ಕಾರ್ಮಿಕರಿಗೆ ಆಯಾ ಕಾರ್ಖಾನೆಯು ತಲಾ 1 ಲಕ್ಷ ರೂಪಾಯಿ ಕೊಡಬೇಕೆಂದಿತು.

ಆದರೆ ಈ ನ್ಯಾಯವು ಕಾರ್ಖಾನೆಯ ಹಾಜರಿ ಪುಸ್ತಕವನ್ನು ಆಧರಿಸಿದುದು. ಊರೂರು ತಿರುಗಿ ಶೀಟು ಹೊದಿಸಿದ ಕೂಲಿಗೆ ಮಾಲೀಕನೂ ಒಬ್ಬನಲ್ಲ, ದಾಖಲೆಯೂ ಇಲ್ಲ. ಯಾವ ವರ್ಷ ಯಾರ ಮನೆಗೆ ಸೂರು ಹಾಕಿದನೆಂಬುದು ಅವನ ಮತ್ತು ಊರಿನ ನೆನಪಿನಲ್ಲಷ್ಟೇ ಉಳಿದಿರುತ್ತದೆ. ಆದುದರಿಂದ ಇಂತಹ ಮೌಖಿಕ ಚರಿತ್ರೆಯ ಸಂಗ್ರಹವು ಜಾನಪದ ಅಧ್ಯಯನದ ವಿಷಯವಷ್ಟೇ ಅಲ್ಲ, ಪರಿಹಾರದ ಹಕ್ಕಿಗೆ ಬೇಕಾದ ಸಾಕ್ಷ್ಯವೂ ಹೌದು.